ಖಾಲಿ ಮೈದಾನದಲ್ಲಿ ರಮಿರೊನ ಕೂಗು

ಕಳೆದ ಶನಿವಾರ ಮಗಳು ಇಂಚರಳನ್ನು ಫುಟ್‌ಬಾಲ್ ಆಯ್ಕೆಗೆಂದು ಕರೆದುಕೊಂಡು ಹೋಗಿದ್ದೆ. ಉತ್ತರ ಡಬ್ಲಿನ್ನಿನ ಆ ಹಳೆಯ ಮೈದಾನದ ಗೇಟು ದಾಟಿದ್ದೇ ತಡ, ಒದ್ದೆ ಹುಲ್ಲು ಮತ್ತು ನೋವಿನ ಮುಲಾಮು ಬೆರೆತ ವಾಸನೆ ಮೂಗಿಗೆ ಬಡಿಯಿತು. ಸುತ್ತ ಅಪ್ಪಂದಿರು, ಅಮ್ಮಂದಿರು, ನಾಯಿಗಳು, ಕಾಫಿ ಮಾರುವ ವ್ಯಾನು. ಎಲ್ಲರೂ ಒಟ್ಟಿಗೆ ಕಿರುಚುತ್ತಿದ್ದರು, ಯಾರ ಮಾತೂ ಯಾರಿಗೂ ಕೇಳುತ್ತಿರಲಿಲ್ಲ. ನನಗೆ ಆ ಗದ್ದಲವೇ ವಿಚಿತ್ರವಾಗಿ ಕಂಡಿತು. ಆ ಮೈದಾನವನ್ನು ನಾನು ಕಂಡಿದ್ದು ಅಲ್ಲಿ ಆಟಗಾರರ ಉಸಿರು ಕೂಡ ಕೇಳುತ್ತಿದ್ದ ವರ್ಷದಲ್ಲಿ.

"ಅಮ್ಮಾ, ಆರ್ ಯು ಓಕೆ?" ಅಂದಳು ಇಂಚರ.

"ಹೂಂ, ಗ್ರ್ಯಾಂಡ್" ಅಂದೆ. ಏನೂ ಆಗಿಲ್ಲ, ಚೆನ್ನಾಗಿದ್ದೇನೆ ಎಂದರ್ಥ; ಈ ದೇಶದಲ್ಲಿ ಬದುಕಲು ಈ ಒಂದು ಪದ ಸಾಕು. ಕಾಲು ಉಳುಕಿದವನೂ ಗ್ರ್ಯಾಂಡ್, ಕೆಲಸ ಕಳೆದುಕೊಂಡವನೂ ಗ್ರ್ಯಾಂಡ್, ಮಳೆಯಲ್ಲಿ ನೆನೆದು ತೊಪ್ಪೆಯಾದವನೂ ಗ್ರ್ಯಾಂಡ್. ಆ ವರ್ಷ ಈ ಪದದ ಮೇಲೆ ನನಗೆ ಬಂದ ಸಿಟ್ಟು ಇನ್ನೂ ಪೂರ್ತಿ ಇಳಿದಿಲ್ಲ.

ಕೊರೋನಾದ ಮೊದಲ ವರ್ಷ ಅದು. ನಾನು ಫಿಸಿಯೋಥೆರಪಿಸ್ಟ್. ಬ್ಯೂಮಾಂಟ್‌ನಲ್ಲಿ ನಮ್ಮ ಮನೆಯ ಹತ್ತಿರವೇ ಇದ್ದ ಕ್ಲಿನಿಕ್ಕು ಮಾರ್ಚಿನಲ್ಲಿ ಬಾಗಿಲು ಹಾಕಿತ್ತು. ಗಂಡ ಸುಧೀರ್ ಅರಿವಳಿಕೆ ಡಾಕ್ಟರು. ಅವನು ದಿನವಿಡೀ ಐಸಿಯುನಲ್ಲಿ ಇದ್ದು ಬಂದು, ಹಿಂಬಾಗಿಲಲ್ಲೇ ಬಟ್ಟೆ ಬದಲಿಸಿ, ಮೇಲಿನ ಸಣ್ಣ ಕೋಣೆ ಸೇರಿಕೊಳ್ಳುತ್ತಿದ್ದ. ಊಟದ ತಟ್ಟೆ ಬಾಗಿಲ ಹೊರಗೆ ಇಡುತ್ತಿದ್ದೆ. ನಮ್ಮ ಸಂಸಾರ ನಡೆದದ್ದೆಲ್ಲ ಆ ಮುಚ್ಚಿದ ಬಾಗಿಲಿನ ಮೂಲಕ. ಅಂಥ ಹೊತ್ತಿನಲ್ಲಿ ಒಂದು ಸಣ್ಣ ಫುಟ್‌ಬಾಲ್ ಕ್ಲಬ್ಬಿಗೆ ಫಿಸಿಯೋ ಬೇಕಾಗಿದೆ ಎಂದು ಗೊತ್ತಾಯಿತು. ಮೊದಲಿದ್ದವನು ತನ್ನ ಊರಿಗೆ ಹೊರಟುಹೋಗಿದ್ದ, ಬೇಸಿಗೆಯಲ್ಲಿ ಪ್ರೇಕ್ಷಕರಿಲ್ಲದೆ ಲೀಗ್ ಮತ್ತೆ ಶುರುವಾಗಲಿತ್ತು. ಫುಟ್‌ಬಾಲ್ ಎಂದರೆ ಇಪ್ಪತ್ತೆರಡು ಮಂದಿ ಒಂದು ಚೆಂಡಿಗಾಗಿ ಒದ್ದಾಡುವುದು ಎಂಬಷ್ಟೇ ನನ್ನ ಜ್ಞಾನ. ಆದರೂ ಮನೆಯಲ್ಲಿ ಕೂತು ಆಂಬುಲೆನ್ಸಿನ ಸದ್ದು ಕೇಳುವುದಕ್ಕಿಂತ ಅದು ವಾಸಿ ಅನಿಸಿತು.

ಪ್ರತಿ ಬೆಳಿಗ್ಗೆ ಗೇಟಿನಲ್ಲಿ ನಿಂತು ಒಬ್ಬೊಬ್ಬರ ಹಣೆಗೆ ಥರ್ಮಾಮೀಟರ್ ಹಿಡಿಯುವುದು ನನ್ನ ಮೊದಲ ಕೆಲಸ. ಕೆಮ್ಮು ಇದೆಯೇ, ಉಬ್ಬಸ ಇದೆಯೇ, ಎದೆಯಲ್ಲಿ ಏನಾದರೂ? ಎಲ್ಲದಕ್ಕೂ ಒಂದೇ ಉತ್ತರ, ಗ್ರ್ಯಾಂಡ್. ಜ್ವರವಿದ್ದವನು ಮನೆಗೆ, ಜ್ವರವಿದ್ದವನ ಜೊತೆ ಕಾರಿನಲ್ಲಿ ಬಂದವನೂ ಮನೆಗೆ. ಕಡಿಮೆ ಜನರಾದರೆ ಪಂದ್ಯ ಹೋಯಿತು. ಹಾಗಾಗಿ ನನ್ನ ಮುಂದೆ ನಿಂತವರೆಲ್ಲ ಎದೆ ಸೆಟೆಸಿ ನಿಲ್ಲುತ್ತಿದ್ದರು.

ರಮಿರೊ ಪರಿಚಯವಾದದ್ದು ಆ ಗೇಟಿನಲ್ಲೇ. ಸ್ಪೇನಿನವನು, ವಯಸ್ಸು ಮೂವತ್ತಾರು, ತಂಡದ ಹಿಂದಿನ ಸಾಲಿನ ನಡುವೆ ಆಡುವ ಡಿಫೆಂಡರ್. ಉಚ್ಚಾರ ಸ್ಪೇನಿನದು, ಪದಗಳು ಡಬ್ಲಿನ್ನಿನವು. ಇಲ್ಲಿ ಅವನ ಮಾತನ್ನು ನನ್ನ ಕನ್ನಡಕ್ಕೆ ಒಗ್ಗಿಸಿಕೊಂಡಿದ್ದೇನೆ. ಅವನ ಹಿಮ್ಮಡಿಯ ನರ ಹಳೆಯ ಹಗ್ಗದ ಹಾಗೆ ಬಿಗಿದಿರುತ್ತಿತ್ತು, ಅದನ್ನು ದಿನಾ ಹದ ಮಾಡುವುದು ನನ್ನ ಪಾಲಿಗೆ ಬಂತು. ಮಂಚದ ಮೇಲೆ ಬೋರಲು ಮಲಗಿ ಅವನು ತನ್ನ ಕಥೆ ಹೇಳುತ್ತಿದ್ದ. ಹತ್ತೊಂಬತ್ತನೇ ವಯಸ್ಸಿಗೆ ದೊಡ್ಡ ಕ್ಲಬ್ಬೊಂದು ವೇಗ ಸಾಲದು ಎಂದು ಕೈಬಿಟ್ಟಿತ್ತು. ಆಮೇಲೆ ಸ್ಪೇನಿನ ಸಣ್ಣ ಸಣ್ಣ ಊರುಗಳು, ಸೈಪ್ರಸ್ಸು, ಗ್ರೀಸಿನ ಒಂದು ದ್ವೀಪ. ಅಲ್ಲಿ ಚೆಂಡು ಸಮುದ್ರಕ್ಕೆ ಬಿದ್ದು ಆಟ ನಿಂತಿತ್ತಂತೆ. ಕೊನೆಗೆ ಹಳೆಯ ಗೆಳೆಯನೊಬ್ಬ ಕರೆದನೆಂದು ಐರ್ಲೆಂಡ್.

"ಇಷ್ಟು ವರ್ಷದಲ್ಲಿ ಎಷ್ಟು ಗೋಲು ಹೊಡ್ದಿದ್ದೀಯ?" ಎಂದು ಒಮ್ಮೆ ಕೇಳಿದೆ.

"ಆರು. ಅದ್ರಲ್ಲಿ ಎರಡು ನಮ್ಮ ಕಡೆಯ ಗೋಲಿಗೇ" ಅಂದ. "ನಗ್ಬೇಡ ಶಾಲಿನಿ. ಡಿಫೆಂಡರ್‌ಗೆ ಒಳ್ಳೆ ದಿನ ಅಂದ್ರೆ ಏನೂ ಆಗದೆ ಇರೋ ದಿನ."

ಸಂಜೆ ಇದನ್ನು ಬಾಗಿಲ ಆಚೆಗಿದ್ದ ಸುಧೀರನಿಗೆ ಹೇಳಿದೆ. "ನಮ್ದೂ ಅದೇ ಕಣೇ" ಅಂದ.

ಮೊದಲ ಪಂದ್ಯದ ದಿನವೇ ನನಗೆ ರಮಿರೊನ ನಿಜವಾದ ಕೆಲಸ ಏನೆಂದು ತಿಳಿದದ್ದು. ಖಾಲಿ ಕುರ್ಚಿಗಳು, ಮೇಲೆ ಕಡಲಹಕ್ಕಿಗಳು, ಅಷ್ಟು ದೊಡ್ಡ ಜಾಗದಲ್ಲಿ ಒಂದೇ ಗಂಟಲು. "ಅಪ್" ಅಂದರೆ ಹಿಂದಿನ ಸಾಲಿನ ನಾಲ್ವರೂ ಒಟ್ಟಿಗೆ ಮುಂದೆ. "ಹೋಲ್ಡ್" ಅಂದರೆ ಇದ್ದಲ್ಲೇ. "ಡ್ರಾಪ್" ಅಂದರೆ ಹಿಂದಕ್ಕೆ. ನಾಲ್ವರೂ ಒಂದೇ ಕೂಗಿಗೆ ಮುಂದೆ ಬಂದರೆ ಅವರ ಬೆನ್ನ ಹಿಂದೆ ಉಳಿದ ಎದುರಾಳಿ ಆಫ್‌ಸೈಡ್ ಆಗಿ ಸಿಕ್ಕಿಬೀಳುತ್ತಾನೆ, ಅವನಿಗೆ ಬಂದ ಚೆಂಡು ಲೆಕ್ಕಕ್ಕಿಲ್ಲ. ಒಬ್ಬ ತಡಮಾಡಿದರೂ ಅದೇ ಎದುರಾಳಿ ಗೋಲಿನ ಮುಂದೆ ಒಂಟಿಯಾಗಿ ನಿಂತಿರುತ್ತಾನೆ. ಇದನ್ನು ಯಾರೂ ನನಗೆ ಕಲಿಸಬೇಕಾಗಿರಲಿಲ್ಲ. ನಾನು ಗಂಗೊಳ್ಳಿಯ ಕಡಲ ದಂಡೆಯಲ್ಲಿ ಬೆಳೆದವಳು. ನನ್ನ ಅಜ್ಜ ದೋಣಿ ಎಳೆಯುವಾಗ ಹೈಲೇಸಾ ಕೂಗುವವರು. ಇಪ್ಪತ್ತು ಜನರ ಕೈ ಹಗ್ಗದ ಮೇಲಿದ್ದರೂ ಅಜ್ಜನ ಕೂಗು ಬೀಳುವ ತನಕ ದೋಣಿ ಮಿಸುಕುತ್ತಿರಲಿಲ್ಲ. ಇಲ್ಲಿಯೂ ಅದೇ ಲೆಕ್ಕ. ಫುಟ್‌ಬಾಲಿನ ಮೇಲೆ ನನಗೆ ಮೊದಲ ಸಲ ಗೌರವ ಬಂತು.

ಆ ಕೂಗಿಗೆ ಇನ್ನೊಬ್ಬರು ಕಿವಿಗೊಡುತ್ತಿದ್ದರು. ರಮಿರೊನ ತಾಯಿ ಪಿಲಾರ್, ಉತ್ತರ ಸ್ಪೇನಿನ ಹಳ್ಳಿಯೊಂದರಲ್ಲಿ ತಮ್ಮ ತಂಗಿಯ ಜೊತೆ ಇದ್ದರು. ಅವರ ಕಣ್ಣಿಗೆ ಪೊರೆ ಬಂದಿತ್ತು, ಆಪರೇಷನ್ನು ಕೊರೋನಾದಿಂದಾಗಿ ಮುಂದಕ್ಕೆ ಹೋಗಿತ್ತು. ನಮ್ಮ ಪಂದ್ಯಗಳೆಲ್ಲ ಇಂಟರ್‌ನೆಟ್ಟಿನಲ್ಲಿ ನೇರವಾಗಿ ಬರುತ್ತಿದ್ದವು. ಅವರಿಗೆ ಚಿತ್ರ ಮಸುಕು, ದನಿ ಸ್ಪಷ್ಟ. ಮಗನ ಆಟವನ್ನು ಎಷ್ಟೋ ಸಲ ಮೈದಾನಕ್ಕೇ ಹೋಗಿ ನೋಡಿದ್ದರೂ ಜನರ ಗದ್ದಲದಲ್ಲಿ ಅವನ ಕೂಗು ಒಮ್ಮೆಯೂ ಅವರ ಕಿವಿಗೆ ಬಿದ್ದಿರಲಿಲ್ಲವಂತೆ. ಈಗ ತೊಂಬತ್ತು ನಿಮಿಷವೂ ಕೇಳುತ್ತಿತ್ತು. "ನೀನು ನಿನ್ನ ಅಪ್ಪನ ಹಾಗೇ ಬೈತೀಯ ಅಂತಾಳೆ ಅಮ್ಮ" ಎಂದು ರಮಿರೊ ಹೆಮ್ಮೆಯಿಂದ ಹೇಳಿಕೊಂಡಿದ್ದ.

ಚಿಕಿತ್ಸೆಯ ಮಂಚದಲ್ಲಿ ಮುಖ ಇಡಲು ಒಂದು ತೂತಿರುತ್ತದೆ. ಅವನು ಅದರ ಕೆಳಗೆ ನೆಲದ ಮೇಲೆ ಫೋನಿಟ್ಟುಕೊಂಡು, ನಾನು ಕಾಲು ತಿಕ್ಕುವಷ್ಟು ಹೊತ್ತೂ ತಾಯಿಯ ಜೊತೆ ವಿಡಿಯೋದಲ್ಲಿ ಮಾತಾಡುತ್ತಿದ್ದ. ನಾನು ಜೋರಾಗಿ ಒತ್ತಿದಾಗ ಅವನು "ಆಯ್" ಅಂದರೆ ನೆಲದಿಂದ ಪಿಲಾರ್ ಅವರ ನಗು ಕೇಳುತ್ತಿತ್ತು. ನನಗೆ ಸ್ಪ್ಯಾನಿಷ್ ಬಾರದು, ಅವರಿಗೆ ಇಂಗ್ಲಿಷ್ ಬಾರದು. ನಾನು ಬಗ್ಗಿ ಕೈ ಮುಗಿಯುವುದು, ಅವರು ನನ್ನನ್ನು ಡಾಕ್ಟರೆಂದೇ ತಿಳಿದು "ದೊಕ್ತೋರಾ" ಎಂದು ಕೈ ಬೀಸುವುದು, ಅಷ್ಟರಲ್ಲೇ ನಮ್ಮ ಸ್ನೇಹ.

ಸೆಪ್ಟೆಂಬರಿನಲ್ಲಿ ರಮಿರೊನಿಗೆ ಕೊರೋನಾ ಬಂತು. ಸಣ್ಣ ಜ್ವರ, ನಾಲ್ಕು ದಿನ ಮೈಕೈ ನೋವು, ಅಷ್ಟೆ. ಮನೆಯಲ್ಲೇ ಬೇರೆಯಾಗಿದ್ದು, ವಾಸಿಯಾಗಿ ಅಕ್ಟೋಬರಿನಲ್ಲಿ ವಾಪಸು ಬಂದ. ಅಷ್ಟರಲ್ಲಿ ದೇಶ ಮತ್ತೆ ಬಾಗಿಲು ಮುಚ್ಚಿತ್ತು, ಮನೆಯಿಂದ ಐದು ಕಿಲೋಮೀಟರಿನಾಚೆ ಹೋಗುವಂತಿರಲಿಲ್ಲ, ಲೀಗಿನ ಆಟಗಾರರಿಗೆ ಮಾತ್ರ ವಿನಾಯಿತಿ. ಸಂಜೆ ಐದಕ್ಕೇ ಕತ್ತಲು, ಅಡ್ಡ ಹೊಡೆಯುವ ಮಳೆ. ನಮ್ಮ ಕ್ಲಬ್ಬು ಅಂಕಪಟ್ಟಿಯ ತಳದಲ್ಲಿತ್ತು. ಕೆಳಗಿನ ದರ್ಜೆಗೆ ಇಳಿದರೆ ಮುಂದಿನ ವರ್ಷ ಅರ್ಧ ತಂಡಕ್ಕೆ ಕೆಲಸವಿಲ್ಲ. ಮ್ಯಾನೇಜರ್ ಡೆಕ್ಲನ್ ಉಗುರು ಕಚ್ಚಿ ಕಚ್ಚಿ ಬೆರಳಿಗೆ ಪ್ಲಾಸ್ಟರ್ ಸುತ್ತಿಕೊಂಡಿದ್ದ. ರಮಿರೊ ಬಂದದ್ದು ಅವನಿಗೆ ದೇವರೇ ಬಂದ ಹಾಗಾಯಿತು.

ವಾಪಸು ಬಂದ ಮೇಲಿನ ಎರಡನೇ ಪಂದ್ಯದಲ್ಲಿ ನನಗೆ ಏನೋ ಸರಿಯಿಲ್ಲ ಅನಿಸಿತು. ಏನೆಂದು ಹೊಳೆಯಲಿಲ್ಲ. ಅವನು ಓಡುತ್ತಿದ್ದ, ಹಾರಿ ತಲೆಯಿಂದ ಚೆಂಡು ಹೊಡೆಯುತ್ತಿದ್ದ, ಕುಂಟುತ್ತಿರಲಿಲ್ಲ. ಅರ್ಧ ಆಟ ಮುಗಿದ ಮೇಲೆ ಕಡಲಹಕ್ಕಿಯ ಕೂಗು ಸ್ಪಷ್ಟವಾಗಿ ಕೇಳಿದಾಗ ತಟ್ಟನೆ ಅರ್ಥವಾಯಿತು. ಮೈದಾನ ಮೌನವಾಗಿತ್ತು. ರಮಿರೊ ಕೂಗುತ್ತಿರಲಿಲ್ಲ. ಕೈಯೆತ್ತಿ ಸನ್ನೆ ಮಾಡುತ್ತಿದ್ದ. ಬೆನ್ನ ಹಿಂದಿನ ಸನ್ನೆ ಯಾರಿಗೆ ಕಾಣಬೇಕು? ಸಾಲು ಎರಡು ಸಲ ಮುರಿಯಿತು, ಎರಡು ಗೋಲು ಬಿದ್ದವು. ವಯಸ್ಸಾಯಿತು ಎಂದು ಎಲ್ಲರೂ ಪಿಸುಗುಟ್ಟಿದರು.

ಮರುದಿನ ಗೇಟಿನಲ್ಲಿ ನೇರವಾಗಿಯೇ ಕೇಳಿದೆ, "ಯಾಕೆ ಕೂಗ್ಲಿಲ್ಲ?"

"ಗಂಟಲು ಕಟ್ಟಿದೆ."

"ಎದೆ?"

"ಗ್ರ್ಯಾಂಡ್" ಅಂದ, ಹುಟ್ಟಿದ್ದೇ ಡಬ್ಲಿನ್ನಿನಲ್ಲಿ ಎಂಬ ಹಾಗೆ.

ಆ ವಾರವೇ ಅವನು ಮಂಚದ ಮೇಲೆ ಮಲಗಿದ್ದಾಗ ಡೆಕ್ಲನ್ ಹೊರಗಿನಿಂದ ಕರೆದ. ರಮಿರೊ ಫೋನನ್ನು ನೆಲದಲ್ಲೇ ಬಿಟ್ಟು ಎದ್ದುಹೋದ. ನಾನು ಟವೆಲು ಮಡಿಸುತ್ತಿದ್ದೆ. "ದೊಕ್ತೋರಾ" ಎಂದು ಕೆಳಗಿನಿಂದ ದನಿ ಬಂತು. ಬಗ್ಗಿ ಫೋನೆತ್ತಿಕೊಂಡೆ. ಪಿಲಾರ್ ಅಂದು ನಗಲಿಲ್ಲ. ಬಾಗಿಲ ಕಡೆ ಕಿವಿಯಿಟ್ಟು, ಮಗ ಇಲ್ಲವೆಂದು ಖಾತ್ರಿ ಮಾಡಿಕೊಂಡವರಂತೆ ಮುಖವನ್ನು ಪರದೆಯ ಹತ್ತಿರ ತಂದರು. ಒಂದು ಬೆರಳನ್ನು ತಮ್ಮ ಗಂಟಲ ಮೇಲಿಟ್ಟು, ಇಲ್ಲ ಎಂದು ಅಲ್ಲಾಡಿಸಿದರು. ಆಮೇಲೆ ಅಂಗೈಯನ್ನು ಎದೆಯ ಮೇಲೆ ಒತ್ತಿ ಹಿಡಿದುಕೊಂಡು ನನ್ನನ್ನೇ ನೋಡಿದರು. ಕಣ್ಣು ಮಸುಕಾಗಿದ್ದ ಹೆಂಗಸು ನೂರಾರು ಮೈಲಿ ದೂರ ಕೂತು, ಮಗನ ಉಸಿರನ್ನಷ್ಟೇ ಕೇಳಿ, ನಾನು ಗೇಟಿನಲ್ಲಿ ಪತ್ತೆ ಹಚ್ಚಲಾಗದ್ದನ್ನು ಹೇಳುತ್ತಿದ್ದರು.

ರಮಿರೊ ಬಂದಾಗ "ನಿಮ್ಮಮ್ಮ ಏನೋ ಕೇಳ್ತಿದ್ರು" ಅಂದೆ.

"ಯಾಕೆ ನಿನ್ನ ದನಿ ಕೇಳಲ್ಲ ಅಂತ ದಿನಾ ಗೋಳು" ಎಂದು ನಕ್ಕ. "ಕ್ಲಬ್ಬಿನ ಮೈಕ್ ಕೆಟ್ಟಿದೆ ಅಂದಿದ್ದೀನಿ."

ಅಂದು ಸಂಜೆ ಮೇಲಿನ ಕೋಣೆಯ ಬಾಗಿಲ ಹೊರಗೆ ನೆಲದ ಮೇಲೆ ಕೂತು ಸುಧೀರನಿಗೆ ಎಲ್ಲ ಹೇಳಿದೆ. ಒಳಗೆ ಚಮಚದ ಸದ್ದು ನಿಂತಿತು.

"ಓಡೋವಾಗ ಉಸಿರು ಸಾಲಲ್ವಾ, ಇಲ್ಲ ಎದೆ ಬಿಗೀತಾ?"

"ಬಾಯಿ ಬಿಟ್ರೆ ತಾನೇ."

"ಶಾಲೂ, ಈ ಕಾಯಿಲೆ ಆದ್ಮೇಲೆ ಕೆಲವರಿಗೆ ಹಾರ್ಟ್ ಮಸಲ್ ಊದ್ಕೊಂಡಿರುತ್ತೆ. ಸುಮ್ನೆ ಇದ್ರೆ ವಾಸಿ ಆಗುತ್ತೆ. ಓಡಿದ್ರೆ ಮೈದಾನದಲ್ಲೇ ಹಾರ್ಟ್ ನಿಂತು ಹೋಗ್ಬಹುದು. ಸ್ಕ್ಯಾನ್ ಆಗೋವರೆಗೂ ಅವನನ್ನ ಓಡಿಸ್ಬೇಡ. ಯಾರು ಏನಂದ್ರೂ ಅಷ್ಟೇ."

ಯಾರು ಏನನ್ನಬಹುದೆಂದು ನನಗೆ ಗೊತ್ತಿತ್ತು. ಕೊನೆಯ ಪಂದ್ಯಕ್ಕೆ ಒಂದೇ ವಾರ ಬಾಕಿ. ಅದರಲ್ಲಿ ಸೋಲದಿದ್ದರೆ ಸಾಕು, ಕ್ಲಬ್ಬು ಉಳಿಯುತ್ತಿತ್ತು. ರಮಿರೊನ ಕರಾರು ಅಂದಿಗೇ ಮುಗಿಯುವುದು, ಅದೇ ತನ್ನ ಕೊನೆಯ ಆಟವೆಂದು ಅವನು ಎಲ್ಲರಿಗೂ ಹೇಳಿಯಾಗಿತ್ತು. ಡೆಕ್ಲನ್ ನನ್ನನ್ನು ಕಾರ್ ಪಾರ್ಕಿನಲ್ಲಿ ಹಿಡಿದು ನಿಲ್ಲಿಸಿದ. "ಒಂದು ಪಂದ್ಯ, ಅಷ್ಟೇ. ಆಮೇಲೆ ಬೇಕಾದಷ್ಟು ಸ್ಕ್ಯಾನ್ ಮಾಡ್ಸಿ. ಇಷ್ಟು ವರ್ಷ ಆಡಿದವನು ಮೈದಾನದಿಂದ ಹೊರಗೆ ಮುಗಿಸ್ಬೇಕಾ?" ಅಂದ. ಕೆಟ್ಟವನಲ್ಲ ಅವನು, ಹೆದರಿದ್ದ. ವಾರಕ್ಕೊಮ್ಮೆ ಬರುವ ಕ್ಲಬ್ಬಿನ ಡಾಕ್ಟರಿಗೆ ಫೋನು ಮಾಡಿದೆ. ಅವರು, ಸ್ಕ್ಯಾನಿಗೆ ತಕ್ಷಣ ಹೇಳುತ್ತೇನೆ, ಆದರೆ ಅವನು ನನಗೂ ಗ್ರ್ಯಾಂಡ್ ಅಂದಿದ್ದಾನೆ, ದಿನಾ ನೋಡುವವಳು ನೀನು, ಆಡುವುದು ಬೇಡ ಅನ್ನುವುದಾದರೆ ನೀನೇ ಅವನನ್ನು ಒಪ್ಪಿಸಬೇಕು ಅಂದರು.

ರಮಿರೊ ಒಪ್ಪುವವನೇ? ಮಂಚದಿಂದ ಎದ್ದು ಕೂತು, "ನೀನು ಒಂದು ದಿನಾನೂ ಆಡಿದವಳಲ್ಲ" ಅಂದ. ಅವನ ದನಿ ಏರಲಿಲ್ಲ. ಏರಿಸಲು ಉಸಿರಿರಲಿಲ್ಲ ಎಂಬುದೇ ನನ್ನನ್ನು ಹೆಚ್ಚು ಹೆದರಿಸಿತು. "ಚಿಕ್ಕವನಿದ್ದಾಗ ವೇಗ ಇಲ್ಲ ಅಂತ ಕಳಿಸಿದ್ರು. ಈಗ ಏನಂತ ಕಳಿಸ್ತೀಯ?"

ನನಗೂ ಸಿಟ್ಟು ಬಂತು. ಗಂಗೊಳ್ಳಿಯವಳ ಸಿಟ್ಟು, ಎದುರಿಗೆ ಯಾರಿದ್ದರೂ ನೋಡದು. "ಬಾ ಹೊರಗೆ" ಅಂದೆ. ಓಡಿಸಿ ಪರೀಕ್ಷೆ ಮಾಡುವಷ್ಟು ದಡ್ಡಿ ನಾನಲ್ಲ. ಸೋನೆ ಮಳೆಯಲ್ಲಿ ಮೈದಾನದ ಅಂಚಿಗೆ ಅವನ ಜೊತೆ ನಿಧಾನವಾಗಿ ನಡೆದೆ. "ಓಡ್ಬೇಡ. ನನ್ ಜೊತೆ ನಡೀತಾ ಪಂದ್ಯದಲ್ಲಿ ಕೂಗೋ ಹಾಗೆ ಕೂಗು. ಕೂಗಿದ್ರೆ ನಾನೇ ಡಾಕ್ಟರಿಗೆ ಫೋನ್ ಮಾಡಿ ನನ್ ಮಾತು ವಾಪಸ್ ತಗೋತೀನಿ."

ಅವನು ನನ್ನ ಕಡೆ ತಿರಸ್ಕಾರದಿಂದ ನೋಡಿ, ಎದೆ ತುಂಬಿಕೊಂಡು "ಅಪ್" ಅಂದ. ಆಚೆಯ ಗೋಡೆಗೆ ತಾಗಿ ಮರಳಿತು. ನಾಲ್ಕು ಹೆಜ್ಜೆ ನಡೆದು "ಹೋಲ್ಡ್" ಅಂದ, ಅದು ಗೋಡೆ ಮುಟ್ಟಲಿಲ್ಲ. ಮೂರನೆಯದು ತುಟಿಯಿಂದ ಹೊರಗೆ ಬರಲಿಲ್ಲ. ಮೊಣಕಾಲಿಗೆ ಕೈಕೊಟ್ಟು ಬಗ್ಗಿ ನಿಂತ. ಮೂಗಿನ ತುದಿಯಿಂದ ಮಳೆನೀರು ತೊಟ್ಟಿಕ್ಕುತ್ತಿತ್ತು. ನಾನು ಅವನ ಮಣಿಕಟ್ಟು ಹಿಡಿದುಕೊಂಡೆ. ನಾಡಿ ಬಲೆಗೆ ಬಿದ್ದ ಮೀನಿನ ಹಾಗೆ ಎಲ್ಲೆಲ್ಲಿಗೋ ಹಾರುತ್ತಿತ್ತು.

"ಯಾವಾಗಿಂದ?"

"ವಾಪಸ್ ಬಂದಾಗಿಂದ" ಅಂದ. "ಮೆಟ್ಟಿಲು ಹತ್ತೋವಾಗ ಯಾರೋ ಎದೆ ಮೇಲೆ ಕೂತ ಹಾಗೆ." ಮುಖದ ನೀರೊರೆಸಿಕೊಂಡು, "ಅಮ್ಮನಿಗೆ ಏನು ಹೇಳ್ಲಿ?" ಎಂದು ಕೇಳಿದ.

"ಅವರಿಗೆ ಆಗ್ಲೇ ಗೊತ್ತು" ಅಂದೆ. ಅವನು ಅಲ್ಲೇ ಒದ್ದೆ ಹುಲ್ಲಿನ ಮೇಲೆ ಕೂತುಬಿಟ್ಟ.

ಸುಧೀರ್ ಹೇಳಿದ್ದೇ ಸ್ಕ್ಯಾನಿನಲ್ಲಿ ಬಂತು. ಹೃದಯದ ಸ್ನಾಯು ಊದಿಕೊಂಡಿತ್ತು. ಹೃದ್ರೋಗದ ಡಾಕ್ಟರು ಆರು ತಿಂಗಳು ಓಡಬಾರದು, ಕೂಗಲೂ ಬಾರದು ಅಂದರಂತೆ. ಮೂವತ್ತಾರು ವಯಸ್ಸಿನ ಡಿಫೆಂಡರನಿಗೆ ಆರು ತಿಂಗಳೆಂದರೆ ಎಂದೆಂದಿಗೂ ಎಂದೇ ಅರ್ಥ. ಸ್ಪೇನು, ಸೈಪ್ರಸ್ಸು, ಗ್ರೀಸು ಸುತ್ತಿದ ಅವನ ಆಟ ಬುಧವಾರ ಮಧ್ಯಾಹ್ನ ಆಸ್ಪತ್ರೆಯೊಂದರ ಕಾರ್ ಪಾರ್ಕಿನಲ್ಲಿ ಮುಗಿಯಿತು. ಚಪ್ಪಾಳೆ ಹೊಡೆಯಲು ನಾನೊಬ್ಬಳಿದ್ದೆ, ನನ್ನ ಕೈ ಸ್ಟಿಯರಿಂಗ್ ಮೇಲಿತ್ತು. ಈಗ ಅವನು ತನ್ನ ಹಳ್ಳಿಯಲ್ಲಿ ಚೆನ್ನಾಗಿದ್ದಾನೆ, ಮಕ್ಕಳಿಗೆ ಆಟ ಕಲಿಸುತ್ತಾನೆ.

ಕೊನೆಯ ಪಂದ್ಯದ ದಿನ ಡೆಕ್ಲನ್ ನನ್ನ ಮುಖ ನೋಡಲಿಲ್ಲ. ನವೆಂಬರಿನ ಮಧ್ಯಾಹ್ನ, ಮೂರೂವರೆಗೇ ದೀಪ ಹಾಕಿದ್ದರು. ಬದಲಿ ಆಟಗಾರರು, ನಾನು, ರಮಿರೊ ಎಲ್ಲರೂ ಬಿಡಿಬಿಡಿಯಾಗಿ ಖಾಲಿ ಕುರ್ಚಿಗಳಲ್ಲಿ ಕೂತಿದ್ದೆವು, ಎಲ್ಲರ ಮುಖಕ್ಕೂ ಮಾಸ್ಕು. ಅರ್ಧ ಆಟದವರೆಗೆ ಗೋಲಿಲ್ಲ. ಆಮೇಲೆ ಎದುರಾಳಿಗಳು ಒತ್ತಿಕೊಂಡು ಬಂದರು. ನಮ್ಮ ಹಿಂದಿನ ಸಾಲಿನಲ್ಲಿ ಒಬ್ಬ ಮುಂದೆ ಹೋದರೆ ಇನ್ನೊಬ್ಬ ಹಿಂದೆ ಉಳಿಯುತ್ತಿದ್ದ, ಕೂಗುವವರೇ ಇರಲಿಲ್ಲ. ಒಂದು ಚೆಂಡು ಗೋಲಿನ ಕಂಬಕ್ಕೆ ಬಡಿದ ಸದ್ದು ನನ್ನ ಹಲ್ಲಿಗೆ ತಾಗಿತು. ರಮಿರೊ ತಟ್ಟನೆ ಎದ್ದು ಮಾಸ್ಕು ಕೆಳಗೆ ಎಳೆದ.

"ಬಾಯಿ ತೆಗೀಬೇಡ" ಅಂದೆ.

ಅವನು ಮೈದಾನದಿಂದ ಕಣ್ಣು ಕೀಳದೆ ಮೆಲ್ಲಗೆ, "ಹಾಗಾದ್ರೆ ನೀನು ಕೂಗು" ಅಂದ.

"ನಾನಾ?"

"ನಾನು ಹೇಳಿದಾಗ. ಒಂದು ಕ್ಷಣ ತಡ ಆದ್ರೂ ಉಪಯೋಗ ಇಲ್ಲ." ಅವನು ಎರಡು ಕುರ್ಚಿ ಆಚೆ ಕೂತ. "ಈಗ. ಅಪ್."

ಕೂಗಿದೆ. ಮೊದಲನೆಯದು ಮಾಸ್ಕಿನೊಳಗೇ ಸತ್ತಿತು. ಎರಡನೆಯದಕ್ಕೆ ಹೊಟ್ಟೆಯಿಂದ ಉಸಿರೆಳೆದೆ, ಅಜ್ಜ ಹಗ್ಗದ ಮುಂದೆ ನಿಂತು ಎಳೆಯುತ್ತಿದ್ದ ಹಾಗೆ. ಅದು ಆಚೆಯ ಗೋಡೆಗೆ ತಾಗಿ ಮರಳಿತು. ನಮ್ಮ ಕಡೆಯ ಒಬ್ಬ ಬೆಚ್ಚಿ ತಿರುಗಿ ನೋಡಿದ. ಮೂರನೆಯದಕ್ಕೆ ಯಾರೂ ತಿರುಗಲಿಲ್ಲ, ನಾಲ್ವರೂ ಒಟ್ಟಿಗೆ ಮುಂದೆ ಬಂದರು. ಎದುರಾಳಿ ಆಫ್‌ಸೈಡ್ ಆಗಿ ಸಿಕ್ಕಿಬಿದ್ದ. ಅಂಚಿನಲ್ಲಿದ್ದ ರೆಫರಿ ನಮ್ಮ ಕಡೆ ನೋಡಿ ಹುಬ್ಬೇರಿಸಿದ. ಡೆಕ್ಲನ್ ಆ ದಿನ ಮೊದಲ ಸಲ ನನ್ನ ಕಡೆ ತಿರುಗಿದ. ರಮಿರೊ ಪಿಸುಗುಟ್ಟುವುದು, ನಾನು ಕಿರುಚುವುದು. ಅಪ್. ಹೋಲ್ಡ್. ಡ್ರಾಪ್. ಗಂಟಲು ಹರಿದುಹೋಯಿತು. ನನ್ನ ಪಾಲಿಗೆ ಆಗ ಆಸ್ಪತ್ರೆಯೂ ಇರಲಿಲ್ಲ, ಕಾಯಿಲೆಯೂ ಇರಲಿಲ್ಲ, ಅವನ ಪಿಸುಮಾತೊಂದೇ ಇತ್ತು.

ರೆಫರಿ ಕೊನೆಯ ಶಿಳ್ಳೆ ಊದಿದ. ಗೋಲಿಲ್ಲ, ಆ ಕಡೆಯೂ ಇಲ್ಲ, ಈ ಕಡೆಯೂ ಇಲ್ಲ. ಏನೂ ಆಗಲಿಲ್ಲ. ಕ್ಲಬ್ಬು ಉಳಿಯಿತು. ಕೆಳಗೆ ಹುಡುಗರು ಅಪ್ಪಿಕೊಳ್ಳಬಾರದೆಂಬುದನ್ನು ಮರೆತು ಒಬ್ಬರ ಮೇಲೊಬ್ಬರು ಬಿದ್ದಿದ್ದರು. ರಮಿರೊ ಮಾತ್ರ ಕೂತೇ ಇದ್ದ.

ಅವನ ಜೇಬಿನಲ್ಲಿ ಫೋನು ಹೊಡೆದುಕೊಂಡಿತು. ಪಿಲಾರ್. ಅವನು ಕಿವಿಗಿಟ್ಟುಕೊಂಡು ಬಹಳ ಹೊತ್ತು ಕೇಳಿದ, ಎರಡು ಮಾತು ಆಡಿದ, ಆಮೇಲೆ ತೋಳಿನಿಂದ ಕಣ್ಣೊರೆಸಿಕೊಂಡ.

"ಏನಂದ್ರು?" ಎಂದು ಕೇಳಿದೆ, ಒಡೆದ ಗಂಟಲಲ್ಲಿ.

"ಇವತ್ತು ಮೈಕ್ ಸರಿಯಾಗಿತ್ತು ಅಂದಳು" ಎಂದ. "ಕೂಗಿದ್ದು ಯಾರು ಅಂತ ಕೇಳಿದಳು."

"ನೀನೇನಂದೆ?"

"ನಾನೇ ಅಂದೆ."